ಡೈನೊದಲ್ಲಿ ಗೆದ್ದ ಮೋಟರ್ ಟ್ರ್ಯಾಕಿನಲ್ಲಿ ಸೋಲುತ್ತಿದೆ. ತಪ್ಪು ಎಲ್ಲಿದೆ?

ಗಾಲಿ17

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಸಂಜೆಗಳನ್ನೆಲ್ಲ ಇದಕ್ಕೇ ಕೊಟ್ಟು, ನಮ್ಮ ರೇಡಿಯೊ ಕಂಟ್ರೋಲ್ ಪುಟ್ಟ ರೇಸ್ ಕಾರುಗಳ 540 ಗಾತ್ರದ ಮೋಟರ್‌ಗಳನ್ನು ಅಳೆಯಲು ಒಂದು ಫ್ಲೈವೀಲ್ ಡೈನೊ (ಭಾರದ ತಟ್ಟೆಯನ್ನು ತಿರುಗಿಸಿ ಮೋಟರಿನ ಶಕ್ತಿ ಅಳೆಯುವ ಯಂತ್ರ) ಕಟ್ಟಿದ್ದೇನೆ. ಯಂತ್ರವೇನೋ ಓಡುತ್ತಿದೆ. ಅದು ಹೇಳುವುದನ್ನು ನಂಬಲಾಗುತ್ತಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಯಂತ್ರದ ವಿವರ. 150 ಮಿಲಿಮೀಟರ್ ವ್ಯಾಸದ, ಸರಿಯಾಗಿ 2 ಕಿಲೊ ತೂಗುವ ಉಕ್ಕಿನ ತಟ್ಟೆ. ಅದಕ್ಕೆ 8 ಮಿಲಿಮೀಟರ್ ಶಾಫ್ಟ್, ಎರಡೂ ಬದಿಗೆ 608 ಬೇರಿಂಗ್. ಮೋಟರಿಗೆ 20 ಹಲ್ಲಿನ ಪಿನಿಯನ್ ಎಂಬ ಚಿಕ್ಕ ಗೇರ್, ತಟ್ಟೆಯ ಶಾಫ್ಟಿಗೆ 80 ಹಲ್ಲಿನ ಸ್ಪರ್ ಎಂಬ ದೊಡ್ಡ ಗೇರ್. ಮೋಟರ್ ನಾಲ್ಕು ಸುತ್ತು ಸುತ್ತಿದರೆ ತಟ್ಟೆ ಒಂದು ಸುತ್ತು. ತಟ್ಟೆಯ ಮೇಲೆ ಒಂದು ಪುಟ್ಟ ಅಯಸ್ಕಾಂತ, ಎದುರಿಗೆ ಅದು ಹಾದದ್ದನ್ನು ಗುರುತಿಸುವ ಹಾಲ್ ಸೆನ್ಸರ್, ಎಣಿಸಲು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಕರೆಂಟ್ ಅಳೆಯಲು 100 ಆಂಪಿಯರ್‌ವರೆಗಿನ ಎಸಿಎಸ್758 ಚಿಪ್. ವಿದ್ಯುತ್ತಿಗೆ ಎರಡು ಸೆಲ್ಲಿನ ಲಿಪೊ ಬ್ಯಾಟರಿ. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ ಸೊನ್ನೆ ಟೈಮಿಂಗ್‌ನಲ್ಲಿದೆ, ಅಂದರೆ ಸುರುಳಿಗೆ ಕರೆಂಟ್ ಕೊಡುವ ಗಳಿಗೆಯನ್ನು ಅದು ಮುಂದಕ್ಕೆ ತರುವುದಿಲ್ಲ.

ಲೆಕ್ಕ ಸರಳ. ತಟ್ಟೆಯ ಜಡತ್ವ ಎಂದರೆ ತೂಕ ಗುಣಿಸು ತ್ರಿಜ್ಯದ ವರ್ಗ, ಅದರ ಅರ್ಧ: 0.005625. ಅಷ್ಟು ಜಡತ್ವವುಳ್ಳ ತಟ್ಟೆ ಎಷ್ಟು ಬೇಗ ವೇಗ ಏರಿಸಿಕೊಳ್ಳುತ್ತದೆ ಎಂಬುದರಿಂದ ಟಾರ್ಕ್ (ತಿರುಗಿಸುವ ಬಲ) ಸಿಗುತ್ತದೆ, ಟಾರ್ಕನ್ನು ವೇಗದಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಮೊದಲ ಸಲ ಥ್ರಾಟಲ್ ಪೂರ್ತಿ ಒತ್ತಿದಾಗ ತಟ್ಟೆ ಅರೆಕ್ಷಣ ಹಿಂಜರಿದಂತೆ ಕಂಡಿತು. ಆಮೇಲೆ ಗೇರಿನ ಸದ್ದು ಗೊಣಗಿನಿಂದ ಶುರುವಾಗಿ ಸಿಳ್ಳಿನವರೆಗೆ ಏರುತ್ತಲೇ ಹೋಯಿತು. ಸುಮಾರು 6 ಸೆಕೆಂಡಿನಲ್ಲಿ ಮೋಟರ್ 17,000 ಆರ್‌ಪಿಎಂ ಮುಟ್ಟಿತು. ಆ ಹೊತ್ತಿಗೆ ನನಗಾದ ಸಂತೋಷವನ್ನು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸಮಸ್ಯೆ. ನನ್ನಲ್ಲಿ ಎರಡು 17.5 ಟರ್ನ್ (ಸುರುಳಿಯ ತಂತಿಯ ಸುತ್ತು) ಮೋಟರ್‌ಗಳಿವೆ, ‘ಎ’ ಮತ್ತು ‘ಬಿ’ ಎನ್ನೋಣ. ಡೈನೊದಲ್ಲಿ ‘ಎ’ಯ ಗರಿಷ್ಠ ಶಕ್ತಿ ‘ಬಿ’ಗಿಂತ ಶೇಕಡಾ 6ರಷ್ಟು ಹೆಚ್ಚು. ಅದೇ ಕಾರು, ಅದೇ ಟೈರು, ಅದೇ ಗೇರು ಇಟ್ಟು ಟ್ರ್ಯಾಕಿಗೆ ಇಳಿಸಿದರೆ ‘ಬಿ’ ಪ್ರತಿ ಲ್ಯಾಪಿನಲ್ಲೂ 0.2 ಸೆಕೆಂಡ್ ಮುಂದೆ. ಮೂರು ಸಲ ನೋಡಿದೆ, ಮೂರು ಸಲವೂ ಹಾಗೆಯೇ. ಶೇಕಡಾ 6 ಎಂದರೆ ಸಣ್ಣ ವ್ಯತ್ಯಾಸವಲ್ಲ. ಯಂತ್ರ ಸುಳ್ಳು ಹೇಳುತ್ತಿದೆಯೇ, ನಾನು ಅದನ್ನು ತಪ್ಪಾಗಿ ಓದುತ್ತಿದ್ದೇನೆಯೇ?

ಲೇತ್‌ಕೆಲಸ

ಉತ್ತರಕ್ಕಿಂತ ಮೊದಲು ಒಂದು ಪ್ರಶ್ನೆ. ತಟ್ಟೆಗೆ ಕವಚ ಇದೆಯೇ? ನಿಮ್ಮ ವಿವರದಲ್ಲಿ ಅದರ ಮಾತೇ ಇಲ್ಲ.

ಗೇರ್ ಹಾಕಿ ತಟ್ಟೆಯನ್ನು ನಿಧಾನ ಮಾಡಿದ್ದೇನೆ, ಆದ್ದರಿಂದ ಅಪಾಯವಿಲ್ಲ ಎಂದು ಹಲವರು ನಂಬಿದ್ದಾರೆ. ಅಂಚಿನ ವೇಗ ಕಡಿಮೆಯಾಗುತ್ತದೆ, ನಿಜ. ತಟ್ಟೆ ಒಡೆಯುವ ಭಯವೂ ಕಡಿಮೆಯಾಗುತ್ತದೆ. ಆದರೆ ಅದರೊಳಗೆ ಕೂಡಿಟ್ಟ ಶಕ್ತಿ ಈಗಲೂ ಸಣ್ಣದಲ್ಲ. ನಿಮ್ಮ ಮೋಟರ್ 17,000 ಮುಟ್ಟಿದಾಗ ತಟ್ಟೆ 4,250ರಲ್ಲಿ ತಿರುಗುತ್ತಿರುತ್ತದೆ, ಅದರಲ್ಲಿ ಸುಮಾರು 557 ಜೂಲ್ ಇರುತ್ತದೆ. 10 ಕಿಲೊ ಕಲ್ಲನ್ನು ಐದೂವರೆ ಮೀಟರಿಗಿಂತ ಎತ್ತರದಿಂದ ಬಿಟ್ಟ ಹಾಗೆ. ಶಾಫ್ಟಿನ ಸ್ಕ್ರೂ ಸಡಿಲಗೊಂಡು ತಟ್ಟೆ ಮೇಜಿನ ಮೇಲೆ ಬಿದ್ದರೆ ಅದು ಉರುಳಿಕೊಂಡು ಹೋಗುವುದಿಲ್ಲ, ಹಾರುತ್ತದೆ.

ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ. ಒಳಗೆ ನೋಡಬೇಕೆಂದಿದ್ದರೆ ಪಾಲಿಕಾರ್ಬೊನೇಟ್ ಹಾಳೆ ಹಾಕಿ, ಅಕ್ರಿಲಿಕ್ ಬೇಡ, ಅದು ಚೂರುಚೂರಾಗಿ ಸಿಡಿಯುತ್ತದೆ. ಓಡಿಸುವಾಗ ತಟ್ಟೆಯ ಅಂಚು ನೋಡುವ ದಿಕ್ಕಿನಲ್ಲಿ ನಿಲ್ಲಬೇಡಿ, ಶಾಫ್ಟಿನ ತುದಿಯ ಕಡೆ ನಿಲ್ಲಿ. ಸ್ಕ್ರೂ ಕೂರುವ ಜಾಗದಲ್ಲಿ ಶಾಫ್ಟನ್ನು ಚಪ್ಪಟೆಯಾಗಿ ಅರೆದಿರಬೇಕು. ದುಂಡು ಶಾಫ್ಟಿನ ಮೇಲೆ ಸ್ಕ್ರೂ ಬಿಗಿದರೆ ಅದು ಹಿಡಿತವಲ್ಲ.

ಇನ್ನು ಬ್ಯಾಲೆನ್ಸ್. ತಟ್ಟೆಯ ಅಂಚಿನ ಹತ್ತಿರ, 70 ಮಿಲಿಮೀಟರ್ ದೂರದಲ್ಲಿ ಒಂದೇ ಗ್ರಾಂ ಹೆಚ್ಚಿದ್ದರೂ 4,250 ಆರ್‌ಪಿಎಂನಲ್ಲಿ ಅದು ಸುಮಾರು 14 ನ್ಯೂಟನ್ ಬಲದಿಂದ ಬೇರಿಂಗನ್ನು ಎಳೆಯುತ್ತದೆ. ಹೆಚ್ಚುಕಡಿಮೆ ಒಂದೂವರೆ ಕಿಲೊ ತೂಕ, ಸೆಕೆಂಡಿಗೆ 70 ಸಲ. ಎರಡು ಚೂಪಾದ ಪಟ್ಟಿಗಳನ್ನು ಸಮಮಟ್ಟದಲ್ಲಿಟ್ಟು ಶಾಫ್ಟನ್ನು ಅವುಗಳ ಮೇಲೆ ಮಲಗಿಸಿ. ಭಾರದ ಬದಿ ತಾನಾಗಿ ಕೆಳಗೆ ಬರುತ್ತದೆ. ಅಲ್ಲಿ ಡ್ರಿಲ್ಲಿನಿಂದ ಒಂದಿಷ್ಟು ತೆಗೆಯಿರಿ, ಮತ್ತೆ ಮಲಗಿಸಿ. ಎಲ್ಲಿ ನಿಲ್ಲಿಸಿದರೂ ಅಲ್ಲಿಯೇ ನಿಲ್ಲುವವರೆಗೆ ಬಿಡಬೇಡಿ. ನೀವು ಅಂಟಿಸಿದ ಅಯಸ್ಕಾಂತವೂ ಭಾರವೇ. ಅದರ ನೇರ ಎದುರಿಗೆ ಅಂಥದ್ದೇ ಇನ್ನೊಂದನ್ನು ತಿರುವಿ ಅಂಟಿಸಿ. ಒಂದೇ ಧ್ರುವಕ್ಕೆ ಸ್ಪಂದಿಸುವ ಹಾಲ್ ಸೆನ್ಸರ್ ಆದರೆ ಎರಡನೆಯದು ಅದರ ಕಣ್ಣಿಗೇ ಬೀಳುವುದಿಲ್ಲ.

ಗಾಲಿ17

ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ಕವಚ ಇರಲಿಲ್ಲ. ನಿನ್ನೆ ರಾತ್ರಿಯೇ 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿದೆ, ಮುಚ್ಚಳಕ್ಕೆ ಪಾಲಿಕಾರ್ಬೊನೇಟ್ ಹಾಕಿದೆ. ಮುಚ್ಚಳ ತೆರೆದಿದ್ದರೆ ಇಎಸ್‌ಸಿಗೆ ವಿದ್ಯುತ್ ಹೋಗದಂತೆ ಒಂದು ಸ್ವಿಚ್ಚನ್ನೂ ಇಟ್ಟೆ. ಬ್ಯಾಲೆನ್ಸ್ ಮಾಡಿದ ಮೇಲೆ ಮೇಜಿನ ಮೇಲಿನ ಲೋಟದ ನೀರು ಅಲುಗುವುದು ನಿಂತಿತು. ಅಷ್ಟು ದಿನ ಅದು ಅಲುಗುತ್ತಿತ್ತು ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಶೇಕಡಾ 6 ಮಾತ್ರ ಹಾಗೆಯೇ ಇದೆ. ಗ್ರಾಫನ್ನು ಜೊತೆಗಿಟ್ಟಿದ್ದೇನೆ.

ಸಂಕೇತಓದುಗ

ನಿಮ್ಮ ಗ್ರಾಫನ್ನು ನೋಡಿದರೆ ಟಾರ್ಕ್ ರೇಖೆ ಗರಗಸದ ಹಲ್ಲಿನಂತಿದೆ. ನೀವು ಅದರ ಅತಿ ಎತ್ತರದ ಹಲ್ಲನ್ನು ಗರಿಷ್ಠ ಶಕ್ತಿ ಎಂದು ಬರೆದುಕೊಂಡಿದ್ದೀರಿ. ಅದು ಮೋಟರಿನ ಶಕ್ತಿಯಲ್ಲ, ಗಡಿಯಾರದ ಒರಟುತನ.

ಲೆಕ್ಕ ಹಾಕಿ ನೋಡಿ. ತಟ್ಟೆ ಸೆಕೆಂಡಿಗೆ 60 ಸುತ್ತು ತಿರುಗುತ್ತಿರುವಾಗ ಒಂದು ಸುತ್ತಿಗೆ 16,667 ಮೈಕ್ರೊಸೆಕೆಂಡ್ ಬೇಕು. ಆ ಹಂತದಲ್ಲಿ ನಿಮ್ಮ ತಟ್ಟೆ ಪ್ರತಿ ಸೆಕೆಂಡಿಗೆ ಇನ್ನು 5 ಸುತ್ತಿನಷ್ಟು ವೇಗ ಏರಿಸಿಕೊಳ್ಳುತ್ತಿದೆ ಎಂದಿಟ್ಟುಕೊಂಡರೆ, ಮುಂದಿನ ಸುತ್ತು ಇದಕ್ಕಿಂತ ಸುಮಾರು 23 ಮೈಕ್ರೊಸೆಕೆಂಡ್ ಮಾತ್ರ ಚಿಕ್ಕದು. ನಾವು ಅಳೆಯಬೇಕಾದದ್ದು ಆ 23ನ್ನು. ಊನೊದ ಮೈಕ್ರೋಸ್ ಎಂಬ ಗಡಿಯಾರದ ಎಣಿಕೆ ನಾಲ್ಕು ನಾಲ್ಕು ಮೈಕ್ರೊಸೆಕೆಂಡಿನ ಹೆಜ್ಜೆಯಲ್ಲಿ ಜಿಗಿಯುತ್ತದೆ. 23ರಲ್ಲಿ 4 ಎಂದರೆ ಶೇಕಡಾ 17. ವೇಗದ ಅಳತೆ ಚೆನ್ನಾಗಿಯೇ ಇರುತ್ತದೆ, ವೇಗದ ಬದಲಾವಣೆಯ ಅಳತೆ ಮಾತ್ರ ಕುಣಿಯುತ್ತದೆ.

ಪರಿಹಾರ ನಿಮ್ಮ ಬೋರ್ಡಿನಲ್ಲೇ ಇದೆ. ಸೆನ್ಸರಿನ ತಂತಿಯನ್ನು 8ನೇ ಪಿನ್ನಿಗೆ ಕೊಡಿ, ಟೈಮರ್ 1ರ ಇನ್‌ಪುಟ್ ಕ್ಯಾಪ್ಚರ್ ಬಳಸಿ. ಪ್ರಿಸ್ಕೇಲರ್ (ಟೈಮರಿನ ವೇಗ ಇಳಿಸುವ ಭಾಜಕ) 8 ಇಟ್ಟರೆ ಅರ್ಧ ಮೈಕ್ರೊಸೆಕೆಂಡ್ ನಿಖರತೆ ಬರುತ್ತದೆ. ಪ್ರೋಗ್ರಾಮ್ ಬೇರೆ ಕೆಲಸದಲ್ಲಿದ್ದರೂ ಅಯಸ್ಕಾಂತ ಹಾದ ಕ್ಷಣವನ್ನು ಹಾರ್ಡ್‌ವೇರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ಟೈಮರ್ 32.768 ಮಿಲಿಸೆಕೆಂಡಿಗೊಮ್ಮೆ ತುಂಬಿ ಸೊನ್ನೆಗೆ ಬರುತ್ತದೆ. ತಟ್ಟೆ ಇನ್ನೂ ನಿಧಾನವಾಗಿರುವ ಮೊದಲ ಸುತ್ತುಗಳಲ್ಲಿ ಎಷ್ಟು ಸಲ ತುಂಬಿತು ಎಂಬುದನ್ನೂ ಎಣಿಸಬೇಕು.

ಓಟದ ನಡುವೆ ಕಂಪ್ಯೂಟರಿಗೆ ಏನನ್ನೂ ಕಳುಹಿಸಬೇಡಿ. ಎಲ್ಲವನ್ನೂ ಚಿಪ್ಪಿನ ನೆನಪಿನಲ್ಲಿ ತುಂಬಿಕೊಂಡು ತಟ್ಟೆ ನಿಂತ ಮೇಲೆ ಕಳುಹಿಸಿ. ಊನೊದಲ್ಲಿ ಇರುವುದು 2,048 ಬೈಟ್ ಮಾತ್ರ, ಆದ್ದರಿಂದ ಜಿಪುಣತನ ಬೇಕು. ಸುತ್ತಿನ ಅವಧಿಗೆ ಎರಡು ಬೈಟ್, ಕರೆಂಟಿಗೆ ಎರಡು, ವೋಲ್ಟೇಜಿಗೆ ಎರಡು. 280 ಸುತ್ತಿಗೆ 1,680 ಬೈಟ್. ಹಿಡಿಸುತ್ತದೆ.

ಆಮೇಲೆ ಎಂಟು ಸುತ್ತುಗಳ ಸರಾಸರಿಯನ್ನು ಸರಿಸುತ್ತಾ ತೆಗೆದು ರೇಖೆ ಎಳೆಯಿರಿ. ಒಂಟಿ ಹಲ್ಲನ್ನು ಎಂದೂ ಓದಬೇಡಿ. ನಿಖರತೆ ಹೆಚ್ಚಲಿ ಎಂದು ನಾಲ್ಕು ಅಯಸ್ಕಾಂತ ಅಂಟಿಸುವ ಯೋಚನೆ ಇದ್ದರೆ, ಅವುಗಳ ನಡುವಿನ ಅಂತರ ಎಂದೂ ಸಮ ಇರುವುದಿಲ್ಲ ಎಂಬುದು ನೆನಪಿರಲಿ. ಪ್ರತಿ ಅಯಸ್ಕಾಂತವನ್ನೂ ಅದರ ಜೊತೆಗೇ ಹೋಲಿಸಬೇಕಾಗುತ್ತದೆ.

ಹೊಸಬ

ಕ್ಷಮಿಸಿ, ಇಲ್ಲಿಗೆ ಹೊಸಬ. ಮೋಟರ್ ಅತಿ ವೇಗವಾಗಿ ತಿರುಗುವಾಗಲೇ ಅತಿ ಹೆಚ್ಚು ಶಕ್ತಿ ಕೊಡಬೇಕಲ್ಲವೇ? ಗ್ರಾಫಿನಲ್ಲಿ ಶಕ್ತಿ ನಡುವೆ ಏರಿ ಕೊನೆಗೆ ಇಳಿದುಬಿಡುತ್ತದೆ. ಇದು ಸರಿಯೇ?

ತಾಮ್ರತಂತಿ

ಹೊಸಬರೇ, ಸರಿಯಾಗಿಯೇ ಇದೆ. ಸೈಕಲ್ಲಿನಲ್ಲಿ ಏರಿನಲ್ಲಿ ಪೆಡಲ್ ತುಳಿಯುವಾಗ ಕಾಲಿಗೆ ಬಲವಿದೆ, ವೇಗವಿಲ್ಲ. ಇಳಿಜಾರಿನಲ್ಲಿ ಪೆಡಲ್ ಗಿರಗಿರನೆ ಸುತ್ತುತ್ತದೆ, ಕಾಲಿಗೆ ತಳ್ಳಲು ಏನೂ ಸಿಗುವುದಿಲ್ಲ. ಎರಡೂ ಕಡೆ ನೀವು ಮಾಡಿದ ಕೆಲಸ ಕಡಿಮೆ. ಮೋಟರೂ ಹಾಗೆಯೇ. ತಿರುಗಿದಷ್ಟೂ ಅದು ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಆಗ ಕರೆಂಟ್ ಇಳಿಯುತ್ತದೆ, ಟಾರ್ಕ್ ಇಳಿಯುತ್ತದೆ. ಆದರ್ಶ ಮೋಟರಿನಲ್ಲಿ ಟಾರ್ಕ್ ರೇಖೆ ನೇರವಾಗಿ ಕೆಳಗಿಳಿಯುತ್ತದೆ, ಶಕ್ತಿಯ ಶಿಖರ ಹೊರೆಯಿಲ್ಲದ ವೇಗದ ಸರಿಯಾಗಿ ಅರ್ಧದಲ್ಲಿ ಬರುತ್ತದೆ. ಆ ಅರ್ಧದಲ್ಲಿ ಬ್ಯಾಟರಿ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಚಕ್ರಕ್ಕೆ ಹೋಗುತ್ತದೆ, ಉಳಿದರ್ಧ ಬಿಸಿಯಾಗುತ್ತದೆ. ನಿಜವಾದ ಮೋಟರ್‌ಗಳಲ್ಲಿ ಟೈಮಿಂಗ್ ಮತ್ತು ಸುರುಳಿಯ ಗುಣದಿಂದ ಶಿಖರ ಆಚೀಚೆ ಸರಿಯುತ್ತದೆ.

ಗಾಲಿಯವರೇ, ಈಗ ನಿಮಗೆ. ಮೊದಲು ಯಾವ ಮೋಟರನ್ನು ಓಡಿಸಿದಿರಿ?

ಗಾಲಿ17

‘ಎ’ಯನ್ನು. ಬ್ಯಾಟರಿ ತುಂಬಿಸಿಕೊಂಡು ‘ಎ’ಯನ್ನು ಐದು ಸಲ, ಆಮೇಲೆ ಅದನ್ನು ಬಿಚ್ಚಿ ‘ಬಿ’ಯನ್ನು ಐದು ಸಲ.

ತಾಮ್ರತಂತಿ

ಹಾಗಾದರೆ ‘ಬಿ’ ಪಾಪ, ಸುಸ್ತಾದ ಬ್ಯಾಟರಿಯ ಮೇಲೆ ಓಡಿದೆ. ಎರಡು ಸೆಲ್ಲಿನ ಲಿಪೊ ತುಂಬಿದಾಗ 8.4 ವೋಲ್ಟ್, ಸ್ವಲ್ಪ ಬಳಸಿದ ಮೇಲೆ 7.8 ಆಸುಪಾಸು. ಶಕ್ತಿ ವೋಲ್ಟೇಜಿನ ವರ್ಗದ ಹಾಗೆ ಏರಿಳಿಯುತ್ತದೆ. ವೋಲ್ಟೇಜ್ ಶೇಕಡಾ 1 ತಪ್ಪಿದರೆ ಶಕ್ತಿ ಶೇಕಡಾ 2 ತಪ್ಪುತ್ತದೆ. ಅಳೆಯುವ ಜಾಗವೂ ಮುಖ್ಯ. ತಂತಿ ಮತ್ತು ಕನೆಕ್ಟರ್ ಸೇರಿ 10 ಮಿಲಿಓಮ್ ಇದ್ದರೆ 40 ಆಂಪಿಯರಿಗೆ 0.4 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯ ತುದಿಯಲ್ಲಿ ಅಳೆಯಬೇಡಿ, ಇಎಸ್‌ಸಿಗೆ ತಂತಿ ಬೆಸೆದ ಜಾಗದಲ್ಲೇ ಅಳೆಯಿರಿ.

ಎರಡನೆಯದು ಬಿಸಿ. ತಾಮ್ರದ ರೋಧ ಒಂದು ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿದ್ದ ಸುರುಳಿ 80ಕ್ಕೆ ಹೋದರೆ ಹೆಚ್ಚುಕಡಿಮೆ ಕಾಲು ಭಾಗ ಹೆಚ್ಚು ರೋಧ. ಒಳಗೆ ತಿರುಗುವ ರೋಟರಿನ ನಿಯೋಡಿಮಿಯಮ್ ಅಯಸ್ಕಾಂತವೂ ಬಿಸಿಯಾದಷ್ಟು ದುರ್ಬಲವಾಗುತ್ತದೆ. ಅದೇ ಮೋಟರ್, ಐದನೇ ಓಟದ ಹೊತ್ತಿಗೆ ಬೇರೆಯೇ ಮೋಟರ್.

ಹೀಗೆ ಮಾಡಿ. ಪ್ರತಿ ಓಟವೂ ಮೋಟರ್ ಡಬ್ಬಿ 35 ಡಿಗ್ರಿ ಇರುವಾಗ ಶುರುವಾಗಲಿ. ಬ್ಯಾಟರಿ ಪ್ರತಿ ಸಲ ಅದೇ ವೋಲ್ಟೇಜಿನಲ್ಲಿರಲಿ. ಓಡಿಸುವ ಸರದಿ ಎ, ಬಿ, ಬಿ, ಎ. ಈ ಸರದಿಯಲ್ಲಿ ಏನಾದರೂ ನಿಧಾನವಾಗಿ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಅದು ಎರಡೂ ಮೋಟರ್‌ಗಳಿಗೆ ಸಮನಾಗಿ ಹಂಚಿಹೋಗುತ್ತದೆ.

ವೋಲ್ಟ್‌ಮಿತ್ರ

ಬ್ಯಾಟರಿಯ ಗೋಳೇ ಬೇಡವೆಂದು ಯಾರಾದರೂ ದೊಡ್ಡ ಪವರ್ ಸಪ್ಲೈ ಜೋಡಿಸುವ ಮೊದಲು ನನ್ನ ಅನುಭವ ಓದಿಕೊಳ್ಳಿ. ಸಪ್ಲೈ ಜೋಡಿಸಿದ್ದೆ, ವೋಲ್ಟೇಜ್ ಗೆರೆ ಎಳೆದಂತೆ ನೇರವಾಗಿತ್ತು. ಓಟ ಮುಗಿದ ಮೇಲೆ ತಟ್ಟೆ ಬೇಗ ನಿಲ್ಲಲಿ ಎಂದು ಅಭ್ಯಾಸಬಲದಿಂದ ಬ್ರೇಕ್ ಒತ್ತಿದೆ. ತಟ್ಟೆಯಲ್ಲಿದ್ದ ಶಕ್ತಿ ಮೋಟರಿನ ಮೂಲಕ ಹಿಂದಕ್ಕೆ ಹರಿಯಿತು. ಬ್ಯಾಟರಿಯಾಗಿದ್ದರೆ ಅದನ್ನು ಕುಡಿದುಕೊಳ್ಳುತ್ತಿತ್ತು. ಸಪ್ಲೈಗೆ ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲ. ವೋಲ್ಟೇಜ್ ಚಿಮ್ಮಿ ಸಪ್ಲೈ ಆರಿಹೋಯಿತು, ಇಎಸ್‌ಸಿ ಸತ್ತೇಹೋಯಿತು. ಅಂದಿನಿಂದ ಡೈನೊದ ಇಎಸ್‌ಸಿಯಲ್ಲಿ ಬ್ರೇಕ್, ಡ್ರ್ಯಾಗ್ ಬ್ರೇಕ್ (ಥ್ರಾಟಲ್ ಬಿಟ್ಟೊಡನೆ ತಾನಾಗಿ ಹಿಡಿಯುವ ಬ್ರೇಕ್) ಎರಡನ್ನೂ ಸೊನ್ನೆ ಮಾಡಿದ್ದೇನೆ. ತಟ್ಟೆ ತಾನಾಗಿ ನಿಲ್ಲುವವರೆಗೆ ಕಾಯುತ್ತೇನೆ.

ಗಾಲಿ17

ಒಂದು ವಾರ ತೆಗೆದುಕೊಂಡೆ. ಇನ್‌ಪುಟ್ ಕ್ಯಾಪ್ಚರ್ ಹಾಕಿದೆ, ಗರಗಸ ಮಾಯವಾಗಿ ರೇಖೆ ನಯವಾಗಿದೆ. ವೋಲ್ಟೇಜನ್ನು ಇಎಸ್‌ಸಿಯ ಬೆಸುಗೆಯಲ್ಲೇ ಅಳೆಯುತ್ತಿದ್ದೇನೆ. ಪ್ರತಿ ಓಟವೂ 35 ಡಿಗ್ರಿಯಿಂದ. ಎ, ಬಿ, ಬಿ, ಎ ಸರದಿ.

ಮೊದಲ ಓಟದ ‘ಎ’ಯನ್ನು 100 ಎಂದು ಹಿಡಿದರೆ ಗರಿಷ್ಠ ಶಕ್ತಿ ಹೀಗೆ ಬಂತು: ‘ಎ’ 100, ‘ಬಿ’ 97.4, ‘ಬಿ’ 97.8, ‘ಎ’ 96.9.

ಮೊದಲ ‘ಎ’ಯೂ ಕೊನೆಯ ‘ಎ’ಯೂ ಒಂದೇ ಮೋಟರ್. ಒಂದೇ ಬಿಸಿ, ಒಂದೇ ವೋಲ್ಟೇಜ್. ಆದರೂ ಶೇಕಡಾ 3ಕ್ಕಿಂತ ಹೆಚ್ಚು ಬಿದ್ದಿದೆ. ರೋಟರಿನ ಅಯಸ್ಕಾಂತ ಶಾಶ್ವತವಾಗಿ ದುರ್ಬಲವಾಯಿತೇನೋ ಎಂಬ ಆತಂಕ ಹತ್ತಿದೆ.

ತಾಮ್ರತಂತಿ

ಇರಬಹುದು. ರೋಟರನ್ನು ಒಮ್ಮೆ ಅತಿಯಾಗಿ ಕಾಯಿಸಿದ್ದರೆ ಅಯಸ್ಕಾಂತ ಮತ್ತೆ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಹೊರೆಯಿಲ್ಲದೆ ಓಡಿಸಿ ವೇಗ ನೋಡಿ. ಅಯಸ್ಕಾಂತ ಕುಂದಿದ್ದರೆ ಅದೇ ವೋಲ್ಟೇಜಿಗೆ ಮೋಟರ್ ಮೊದಲಿಗಿಂತ ಜೋರಾಗಿ ತಿರುಗಬೇಕು.

ಗಾಲಿ17

ನೋಡಿದೆ. ಹಳೆಯ ಟಿಪ್ಪಣಿಯಲ್ಲಿ ಬರೆದಿಟ್ಟ ವೇಗವೇ ಬಂತು.

ಹಳೆಬ್ರಷ್

ನಾನು ಬ್ರಷ್ ಮೋಟರಿನ ಕಾಲದವನು. ಟರ್ಬೊ ಡೈನೊ, ಫ್ಯಾಂಟಮ್‌ನ ಫ್ಯಾಕ್ಟ್ಸ್ ಮಷೀನ್, ರೋಬಿಟ್ರಾನಿಕ್ ಎಂಬ ಆ ಕಾಲದ ಡೈನೊಗಳ ಮುಂದೆ ಕುಳಿತು 27 ಟರ್ನ್ ಸ್ಟಾಕ್ ಮೋಟರ್‌ಗಳ ಕಮ್ಯುಟೇಟರನ್ನು (ಬ್ರಷ್ ಉಜ್ಜುವ ತಾಮ್ರದ ಭಾಗ) ಲೇತಿನಲ್ಲಿ ಸವರಿ, ಬ್ರಷ್ ಬದಲಿಸಿ, ಸ್ಪ್ರಿಂಗ್ ಬದಲಿಸಿ ರಾತ್ರಿಗಳನ್ನು ಕಳೆದವನು. ನಿಮ್ಮ ನಾಲ್ಕು ಅಂಕಿಗಳನ್ನು ನೋಡಿದ ಕೂಡಲೇ ಒಂದು ಕಣ್ಣಿಗೆ ಹೊಡೆಯಿತು.

‘ಬಿ’ ಮತ್ತು ‘ಬಿ’ ನಡುವೆ ವ್ಯತ್ಯಾಸ 0.4. ‘ಎ’ ಮತ್ತು ‘ಎ’ ನಡುವೆ 3.1. ಎರಡು ‘ಬಿ’ಗಳ ನಡುವೆ ನೀವು ಮೋಟರನ್ನು ಮುಟ್ಟಿಲ್ಲ. ಎರಡು ‘ಎ’ಗಳ ನಡುವೆ ಅದನ್ನು ಬಿಚ್ಚಿದ್ದೀರಿ, ಮತ್ತೆ ಕಟ್ಟಿದ್ದೀರಿ. ಬದಲಾದದ್ದು ಮೋಟರಲ್ಲ, ಅದನ್ನು ಕೂರಿಸಿದ ಬಗೆ.

ಪಿನಿಯನ್ ಮತ್ತು ಸ್ಪರ್ ಗೇರ್ ನಡುವಿನ ಸಂದು ಪ್ರತಿ ಸಲ ಬೇರೆಯಾಗುತ್ತಿದೆ. ಹಲ್ಲು ಹಲ್ಲಿನೊಳಗೆ ಬಿಗಿಯಾಗಿ ಕೂತರೆ ಗೇರೇ ಶಕ್ತಿ ತಿನ್ನುತ್ತದೆ. ಇದನ್ನು ಹಿಡಿಯಲು ಒಂದು ಪರೀಕ್ಷೆ ಇದೆ. ಒಂದೇ ಮೋಟರನ್ನು ತೆಗೆದುಕೊಳ್ಳಿ. ಐದು ಸಲ ಪೂರ್ತಿ ಬಿಚ್ಚಿ, ಮೇಜಿನ ಮೇಲಿಟ್ಟು, ಮತ್ತೆ ಕಟ್ಟಿ, ಓಡಿಸಿ. ಬಂದ ಐದು ಅಂಕಿಗಳಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಎಷ್ಟು ಅಂತರವೋ ಅದೇ ನಿಮ್ಮ ಡೈನೊದ ನಿಜವಾದ ನಿಖರತೆ. ಬಿಚ್ಚದೆ ಹತ್ತು ಸಲ ಓಡಿಸಿ ಹತ್ತೂ ಒಂದೇ ಬಂತೆಂದು ಹಿಗ್ಗುವವರನ್ನು ಬಹಳ ನೋಡಿದ್ದೇನೆ. ಅವರು ಯಂತ್ರವನ್ನು ಪರೀಕ್ಷಿಸಿದ್ದಾರೆ, ತಮ್ಮ ಕೈಯನ್ನು ಪರೀಕ್ಷಿಸಿಲ್ಲ. ಎರಡು ಮೋಟರ್ ಹೋಲಿಸುವಾಗ ಕೈ ನಡುವೆ ಬಂದೇ ಬರುತ್ತದೆ.

ಲೇತ್‌ಕೆಲಸ

ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ಮೋಟರ್ ಕೂರುವ ಫಲಕದಲ್ಲಿ ಉದ್ದನೆಯ ಸ್ಲಾಟ್ ಇದ್ದರೆ ಅದನ್ನು ಬಿಟ್ಟುಬಿಡಿ. 25 ಮಿಲಿಮೀಟರ್ ಅಂತರದಲ್ಲಿ ಎರಡು ಎಂ3 ತೂತುಗಳನ್ನು ಅಳತೆಗೆ ಸರಿಯಾಗಿ ಕೊರೆಯಿರಿ. ನಡುವೆ ಮೋಟರಿನ ಮುಂದಿನ ಉಬ್ಬು ಕೂರುವಷ್ಟೇ ಅಗಲದ ಗುಂಡಿ ಬೋರ್ ಮಾಡಿ. ಆಗ ಮೋಟರ್ ಬೇರೆಲ್ಲೂ ಕೂರಲು ಸಾಧ್ಯವಿಲ್ಲ. ಯಾವಾಗಲೂ 20 ಹಲ್ಲಿನ ಅದೇ ಪಿನಿಯನ್ ಬಳಸುವುದಾದರೆ ಸರಿಸುವ ಅಗತ್ಯವೇ ಬೀಳುವುದಿಲ್ಲ. ಮೊದಲ ಸಲ ಅಂತರ ಗೊತ್ತುಮಾಡುವಾಗ ನಾವೆಲ್ಲ ಕಾರಿನಲ್ಲಿ ಮಾಡುವ ಹಾಗೆ ತೆಳು ಕಾಗದದ ಪಟ್ಟಿಯನ್ನು ಎರಡು ಗೇರುಗಳ ನಡುವೆ ಹಾಯಿಸಿ ಬಿಗಿಮಾಡಿ, ಕಾಗದ ತೆಗೆದ ಮೇಲೆ ಉಳಿಯುವ ಸಂದೇ ಸರಿಯಾದ ಸಂದು.

ಸಂಕೇತಓದುಗ

ಜೊತೆಗೆ ಪ್ರತಿ ಓಟದ ಕೊನೆಯಲ್ಲಿ ಥ್ರಾಟಲ್ ಬಿಟ್ಟ ಮೇಲೂ ದಾಖಲಿಸುತ್ತಾ ಇರಿ. ತಟ್ಟೆ ತಾನಾಗಿ ನಿಧಾನವಾಗುವ ರೇಖೆಯಿಂದ ಬೇರಿಂಗ್, ಗಾಳಿ, ಗೇರು ಎಷ್ಟು ತಿಂದವು ಎಂದು ತಿಳಿಯುತ್ತದೆ. ಅದನ್ನು ಕೂಡಿಸಿದರೆ ಮೋಟರಿನ ನಿಜವಾದ ಶಕ್ತಿ ಸಿಗುತ್ತದೆ.

ತಾಮ್ರತಂತಿ

ಇಲ್ಲಿ ಒಂದು ತಿದ್ದುಪಡಿ. ಮೋಟರ್ ಜೋಡಿಸಿಯೇ ಇದ್ದರೆ ಆ ಇಳಿಯುವ ರೇಖೆಯಲ್ಲಿ ಮೋಟರಿನದೇ ನಷ್ಟವೂ ಸೇರಿರುತ್ತದೆ. ರೋಟರಿನ ಅಯಸ್ಕಾಂತ ತಿರುಗದ ಭಾಗವಾದ ಸ್ಟೇಟರಿನ ಕಬ್ಬಿಣವನ್ನು ದಾಟುವಾಗಲೆಲ್ಲ ಅಲ್ಲಿ ಶಕ್ತಿ ಕಳೆಯುತ್ತದೆ. ಅದನ್ನೂ ಕೂಡಿಸಿಕೊಟ್ಟರೆ ಕೆಟ್ಟ ಮೋಟರಿಗೆ ಬಹುಮಾನ ಕೊಟ್ಟಂತಾಗುತ್ತದೆ. ಡೈನೊದ ನಷ್ಟ ಮಾತ್ರ ಬೇಕಿದ್ದರೆ ಮೋಟರನ್ನು ಬಿಚ್ಚಿ, ತಟ್ಟೆಯನ್ನು ಬೇರೆ ರೀತಿಯಲ್ಲಿ ತಿರುಗಿಸಿ ಬಿಡಬೇಕು. ಗೇರಿನ ನಷ್ಟ ಆಗ ಸಿಗುವುದಿಲ್ಲ, ಅದು ಬೇರೆ ಮಾತು.

ಸಂಕೇತಓದುಗ

ಒಪ್ಪುತ್ತೇನೆ, ಅವಸರದಲ್ಲಿ ಬರೆದೆ. ಆದರೂ ಆ ರೇಖೆಯನ್ನು ಬಿಸಾಡಬೇಡಿ. ಒಂದೇ ಮೋಟರನ್ನು ಮತ್ತೆ ಕಟ್ಟಿದಾಗ ಇಳಿಯುವ ಸಮಯ ಬದಲಾದರೆ, ಗೇರು ಬಿಗಿಯಾಗಿದೆ ಎಂದು ಓಟದ ಅಂಕಿ ನೋಡುವ ಮೊದಲೇ ಗೊತ್ತಾಗುತ್ತದೆ.

ಗಾಲಿ17

ಹಿರಿಯರೇ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ! ಬಿಚ್ಚಿ ಕಟ್ಟುವ ಪರೀಕ್ಷೆಯನ್ನು ಹಳೆಯ ಫಲಕದ ಮೇಲೆಯೇ ಮೊದಲು ಮಾಡಿದೆ. ಐದು ಅಂಕಿಗಳ ನಡುವೆ ಶೇಕಡಾ 3.8 ಅಂತರ. ಅಂದರೆ ‘ಎ’ ಮತ್ತು ‘ಬಿ’ ನಡುವೆ ನಾನು ಹುಡುಕುತ್ತಿದ್ದ ವ್ಯತ್ಯಾಸ ನನ್ನ ಸ್ಕ್ರೂಡ್ರೈವರಿನೊಳಗೇ ಇತ್ತು. ಸಂಕೇತಓದುಗರು ಹೇಳಿದಂತೆ ಇಳಿಯುವ ಸಮಯವೂ ಜೊತೆಗೇ ಬದಲಾಯಿತು. ಶಕ್ತಿ ಕಡಿಮೆ ಬಂದ ಓಟಗಳಲ್ಲೆಲ್ಲ ತಟ್ಟೆ ಬೇಗ ನಿಂತಿತ್ತು.

ಹೊಸ ಫಲಕವನ್ನು 6 ಮಿಲಿಮೀಟರ್ ಅಲ್ಯುಮಿನಿಯಮ್ಮಿನಲ್ಲಿ ಮಾಡಿಸಿದೆ, ನಡುವೆ ಬೋರ್ ಮಾಡಿದ ಗುಂಡಿ, ಸ್ಲಾಟ್ ಇಲ್ಲ. ಈಗ ಮೋಟರ್ ಒಳಗೆ ಹೋಗುವಾಗ ಸಣ್ಣ ಟಕ್ ಸದ್ದು ಬರುತ್ತದೆ, ಅಲುಗಿಸಿದರೆ ಅಲುಗುವುದಿಲ್ಲ. ಬಿಚ್ಚಿ ಕಟ್ಟಿದ ಐದು ಓಟಗಳ ಅಂತರ ಶೇಕಡಾ 0.7. ಎ, ಬಿ, ಬಿ, ಎ ಮತ್ತೆ ಮಾಡಿದೆ. ಗರಿಷ್ಠ ಶಕ್ತಿಯಲ್ಲಿ ‘ಎ’ ಶೇಕಡಾ 1.9ರಷ್ಟು ಮುಂದೆ, ಎರಡೂ ‘ಎ’ ಓಟಗಳಲ್ಲಿ. ಈ ಅಂಕಿಯನ್ನು ನಂಬುತ್ತೇನೆ.

ಆದರೆ ಟ್ರ್ಯಾಕಿನಲ್ಲಿ ‘ಬಿ’ ಏಕೆ ಗೆಲ್ಲುತ್ತದೆ?

ಹಳೆಬ್ರಷ್

ಶಿಖರವನ್ನು ನೋಡುವುದನ್ನು ಬಿಡಿ. ಎರಡು ರೇಖೆಗಳನ್ನು ಒಂದರ ಮೇಲೊಂದು ಇಟ್ಟು, 13,000 ಆರ್‌ಪಿಎಂ ದಾಟಿದ ಮೇಲೆ ಯಾವುದು ಮೇಲಿದೆ ಹೇಳಿ. ಟೈರಿನ ವ್ಯಾಸ, ಗೇರಿನ ಲೆಕ್ಕವನ್ನೂ ಕೊಡಿ.

ಗಾಲಿ17

13,000ದ ಆಚೆ ‘ಬಿ’ ಮೇಲಿದೆ. 15,000ದಲ್ಲಿ ಶೇಕಡಾ 5ರಷ್ಟು ಮೇಲೆ! ಟೈರ್ 63 ಮಿಲಿಮೀಟರ್. ಸ್ಪರ್ 100, ಪಿನಿಯನ್ 50, ಕಾರಿನೊಳಗಿನ ಅನುಪಾತ 2.0.

ಹಳೆಬ್ರಷ್

ಒಟ್ಟು ಅನುಪಾತ 4.0. ಟೈರಿನ ಸುತ್ತಳತೆ 198 ಮಿಲಿಮೀಟರ್, ಅಂದರೆ ಮೋಟರಿನ ಒಂದು ಸುತ್ತಿಗೆ ಕಾರು 49.5 ಮಿಲಿಮೀಟರ್ ಮುಂದೆ ಹೋಗುತ್ತದೆ. 13,000 ಆರ್‌ಪಿಎಂಗೆ ಗಂಟೆಗೆ 38.6 ಕಿಲೊಮೀಟರ್. ನಿಮ್ಮ ಟ್ರ್ಯಾಕಿನಲ್ಲಿ ಕಾರು ಈ ವೇಗಕ್ಕಿಂತ ಕೆಳಗೆ ಎಷ್ಟು ಹೊತ್ತು ಇರುತ್ತದೆ?

ಗಾಲಿ17

ಎರಡು ಬಿಗಿ ತಿರುವುಗಳಲ್ಲಿ ಮಾತ್ರ. ಉಳಿದದ್ದೆಲ್ಲ ಹರಿಯುವ ಟ್ರ್ಯಾಕ್. ಅಂದರೆ ‘ಎ’ ತನ್ನ ಬಲದ ಜಾಗದಲ್ಲಿ ಹೆಚ್ಚು ಹೊತ್ತು ಇರುವುದೇ ಇಲ್ಲ.

ಹಳೆಬ್ರಷ್

ಅಷ್ಟೇ. ಎರಡೂ ಮೋಟರ್‌ಗಳ ಎಂಡ್‌ಬೆಲ್ (ಹಿಂದಿನ ಮುಚ್ಚಳ) ಮೇಲಿನ ಟೈಮಿಂಗ್ ಗುರುತು ಒಂದೇ ಕಡೆ ಇದೆ ಎಂದು ನೀವು ಹೇಳಬಹುದು. ಆ ಗುರುತನ್ನು ನಂಬಬೇಡಿ, ಒಳಗೆ ಸೆನ್ಸರ್ ಫಲಕ ಕೂತ ಜಾಗ ಡಬ್ಬಿಯಿಂದ ಡಬ್ಬಿಗೆ ಬೇರೆ. ‘ಎ’ಗೆ ನಿಜವಾದ ಟೈಮಿಂಗ್ ಕಡಿಮೆ ಇರುವ ಲಕ್ಷಣ ರೇಖೆಯಲ್ಲೇ ಕಾಣುತ್ತಿದೆ. ಎರಡು ದಾರಿಗಳಿವೆ. ಟೈಮಿಂಗ್ ಸ್ವಲ್ಪ ಏರಿಸಿದರೆ ಮೇಲಿನ ವೇಗ ಸಿಗುತ್ತದೆ, ಕರೆಂಟ್ ಹೆಚ್ಚು ಎಳೆಯುತ್ತದೆ. ಇಲ್ಲವೇ ಟೈಮಿಂಗ್ ಮುಟ್ಟದೆ ಪಿನಿಯನ್ 52ಕ್ಕೆ ಏರಿಸಿ. ಅನುಪಾತ 3.85 ಆಗುತ್ತದೆ, ಅದೇ 13,000ಕ್ಕೆ ಗಂಟೆಗೆ 40 ಕಿಲೊಮೀಟರ್ ದಾಟುತ್ತದೆ. ಕೆಳಗಿನ ಟಾರ್ಕ್ ‘ಎ’ಯಲ್ಲಿ ಹೇಗೂ ಇದೆ, ಅದನ್ನು ಖರ್ಚು ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಮೂರು ನಿಮಿಷ ಓಡಿಸಿ ಕಾರನ್ನು ಒಳಗೆ ಕರೆಸಿ ಮೋಟರಿನ ಬಿಸಿ ನೋಡಿ, ಆಮೇಲೆ ಪೂರ್ತಿ ಓಟ.

ಹೊಸಬ

ನಾನೂ ಕಟ್ಟಲು ಶುರುಮಾಡಿದ್ದೇನೆ. ತಟ್ಟೆಯ ಜಡತ್ವದ ಲೆಕ್ಕ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಲೇತ್‌ಕೆಲಸ

ದಾರ ಮತ್ತು ತೂಕದಿಂದ. 8 ಮಿಲಿಮೀಟರ್ ಶಾಫ್ಟಿಗೆ ತೆಳು ದಾರ ಸುತ್ತಿ, ತುದಿಗೆ ಅರ್ಧ ಕಿಲೊ ಕಟ್ಟಿ ಬಿಡಿ. ಗಾಲಿಯವರ ತಟ್ಟೆಯಾದರೆ ಅದು ಅರ್ಧ ಮೀಟರ್ ಇಳಿಯಲು ಸುಮಾರು ಎಂಟೂವರೆ ಸೆಕೆಂಡ್ ತೆಗೆದುಕೊಳ್ಳಬೇಕು. ಹೆಚ್ಚು ತೆಗೆದುಕೊಂಡರೆ ಬೇರಿಂಗ್ ಹಿಡಿಯುತ್ತಿದೆ. ಸೀಲ್ ತೆಗೆದು, ಒಳಗಿನ ಗಟ್ಟಿ ಗ್ರೀಸ್ ತೊಳೆದು, ಎರಡು ಹನಿ ತೆಳು ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಬೇರೆ ಬೇರೆ ತೂಕಗಳಲ್ಲಿ ಮಾಡಿದರೆ ಘರ್ಷಣೆಯನ್ನು ಲೆಕ್ಕದಿಂದಲೇ ಕಳೆಯಬಹುದು.

ಗಾಲಿ17

ಭಾನುವಾರ ಟ್ರ್ಯಾಕಿಗೆ ಹೋಗಿಬಂದೆ. ‘ಎ’ಗೆ 52 ಹಲ್ಲಿನ ಪಿನಿಯನ್, ಟೈಮಿಂಗ್ ಮೊದಲಿನದೇ. ಹತ್ತು ಲ್ಯಾಪುಗಳ ಸರಾಸರಿಯಲ್ಲಿ ‘ಬಿ’ಗಿಂತ 0.05 ಸೆಕೆಂಡ್ ಮುಂದೆ ಬಂತು. ಮೂರು ನಿಮಿಷಕ್ಕೆ ಡಬ್ಬಿ 62 ಡಿಗ್ರಿ, ಪೂರ್ತಿ ಓಟದ ಕೊನೆಗೆ 71. ಬಿಗಿ ತಿರುವಿನಿಂದ ಹೊರಬರುವಾಗ ಕಾರು ಸ್ವಲ್ಪ ಭಾರವಾದಂತೆ ಅನಿಸುತ್ತದೆ, ನೇರದಲ್ಲಿ ಅದನ್ನೆಲ್ಲ ವಾಪಸು ಪಡೆಯುತ್ತದೆ.

ಫಲಕದ ಅಳತೆ ಬೇಕೆನ್ನುವವರಿಗೆ: ಶಾಫ್ಟಿನ ನಡುವಿನಿಂದ ಮೋಟರಿನ ನಡುವಿಗೆ ಇರುವ ದೂರವನ್ನು ನನ್ನ ಗೇರುಗಳಿಂದ ನಕಲು ಮಾಡಬೇಡಿ. ನಿಮ್ಮ ಪಿನಿಯನ್ ಮತ್ತು ಸ್ಪರ್ ತಂದು, ಕಾಗದ ಹಾಯಿಸಿ, ಅಲ್ಲಿಂದ ಅಳೆದು ಕೊರೆಯಿರಿ. ಹೊಸಬರೇ, ಬೇರಿಂಗ್ ತೊಳೆದ ಮೇಲೆ ಎಷ್ಟು ಸೆಕೆಂಡ್ ಬಂತು ಎಂದು ಇಲ್ಲಿ ಬರೆಯಿರಿ. ನನ್ನದು 8.9 ಬಂದಿದೆ, ಇನ್ನೊಮ್ಮೆ ತೊಳೆಯಲು ಕುಳಿತಿದ್ದೇನೆ.